ಗೋಡೆಗೊಂದು ರೈನ್‌ಕೋಟ್

ಗೋಡೆಯ ಒಳಮೈಗೆ ಪ್ಲಾಸ್ಟಿಕ್ ಹೊದಿಸಬೇಕು ಎಂದು ಮೊದಲು ಹೇಳಿದ್ದು ನಾನೋ ಗುಣಾ ಅಣ್ಣನೋ, ನನಗೆ ಖಚಿತವಿಲ್ಲ. ನಾನೇ ಇರಬೇಕು ಎಂದು ಈಗ ಅನಿಸುತ್ತದೆ. ಆದರೆ ಕಳೆದ ವರ್ಷ ಇದೇ ಹೊತ್ತಿಗೆ, ಅವರೇ ಹೇಳಿದ್ದು ಎಂದು ಇದಕ್ಕಿಂತ ಗಟ್ಟಿಯಾಗಿ ಅನಿಸಿತ್ತು. ಆದ್ದರಿಂದ ನನ್ನ ಅನಿಸಿಕೆಗಳಿಗೆ ನೀವು ಹೆಚ್ಚು ಬೆಲೆ ಕೊಡಬೇಕಾಗಿಲ್ಲ.

ಇದೆಲ್ಲ ನೆನಪಾದದ್ದು ಇವತ್ತು ಬೆಳಿಗ್ಗೆ ಮಗಳ ಕೋಣೆಯಲ್ಲಿ ಒಂದು ಸ್ಟೇಪಲ್ ಪಿನ್ ಸಿಕ್ಕಿದ್ದರಿಂದ. ಕಾಗದಕ್ಕೆ ಹೊಡೆಯುವ ಸಣ್ಣದಲ್ಲ. ಮರದ ಪಟ್ಟಿಗೆ ಗನ್ನಿನಿಂದ ಹೊಡೆಯುವ ದಪ್ಪ ಪಿನ್ನು. ಸಿಕ್ಕಿತು ಎನ್ನುವುದಕ್ಕಿಂತ ಅಂಗಾಲಿಗೆ ಚುಚ್ಚಿತು ಎನ್ನುವುದು ಹೆಚ್ಚು ಪ್ರಾಮಾಣಿಕ. ಒಂಟಿಕಾಲಿನಲ್ಲಿ ಕುಣಿಯುತ್ತ ಅದನ್ನು ಕಿತ್ತು ಬೆಳಕಿಗೆ ಹಿಡಿದೆ. ಅದನ್ನು ಹೊಡೆದವನು ನಾನೇ. ಇದೊಂದು ಮಾತ್ರ ಅನುಮಾನವಿಲ್ಲದೆ ಗೊತ್ತು, ಏಕೆಂದರೆ ಗುಣಾ ಅಣ್ಣ ಹೊಡೆದ ಪಿನ್ನು ಕಳಚಿ ಬೀಳುವುದಿಲ್ಲ.

ಗುಣಾ ಅಣ್ಣ ಎಂದರೆ ಗುಣಶೇಖರನ್. ಮಲೇಷ್ಯಾದ ಸುಬಾಂಗ್ ಜಯಾದಲ್ಲಿ ನಮ್ಮ ಸುತ್ತಮುತ್ತ ಇರುವ ಕನ್ನಡದ ಮನೆಗಳಿಗೆಲ್ಲ ನಲ್ಲಿ, ಸೂರು, ಅಡುಗೆಮನೆಯ ಕಪಾಟು ಎಂದು ಹತ್ತಾರು ವರ್ಷದಿಂದ ಕೆಲಸ ಮಾಡಿಕೊಂಡು ಬಂದವರು. ಅವರಿಗೆ ಬೋರ್ಡಿಲ್ಲ, ಕಾರ್ಡಿಲ್ಲ. ಒಂದು ಮನೆಯ ಹೆಂಗಸರು ಇನ್ನೊಂದು ಮನೆಯ ಹೆಂಗಸರಿಗೆ "ಗುಣಾ ಅಣ್ಣನಿಗೆ ಹೇಳಿ, ನೀಟಾಗಿ ಮಾಡ್ತಾರೆ" ಎನ್ನುವುದೇ ಅವರ ಅಂಗಡಿ. ಆ ಅಂಗಡಿಯ ಬಾಗಿಲನ್ನು ಒಂದು ಭಾನುವಾರ ನಾನು ಮುಚ್ಚಿಸಿದೆ. ಪ್ಲಾಸ್ಟಿಕ್ ಹೊದಿಸು ಎಂದದ್ದು ಯಾರು ಎಂಬ ಪ್ರಶ್ನೆಗೆ ಬೆಲೆ ಬಂದದ್ದು ಅದರಿಂದ. ಇಲ್ಲದಿದ್ದರೆ ಇದು ಗಂಡ ಹೆಂಡಿರ ನಡುವೆ ವರ್ಷಗಟ್ಟಲೆ ನಡೆಯುವ ಸಾಧಾರಣ ವ್ಯಾಜ್ಯಗಳಲ್ಲಿ ಒಂದಾಗಿ ಸುಖವಾಗಿ ಇದ್ದುಬಿಡುತ್ತಿತ್ತು.

ನನ್ನ ಬಗ್ಗೆಯೂ ಎರಡು ಮಾತು ಹೇಳಬೇಕು. ನಾನು ಮೈಸೂರಿನಲ್ಲಿ ಭೌತಶಾಸ್ತ್ರ ಓದಿದವನು. ಇಲ್ಲಿನ ಒಂದು ಖಾಸಗಿ ಕಾಲೇಜಿನಲ್ಲಿ ಅದನ್ನೇ ಪಾಠ ಹೇಳುತ್ತೇನೆ. ವಿಶ್ವವಿದ್ಯಾಲಯ ನನಗೆ ಕೊಟ್ಟದ್ದು ಒಂದು ಡಿಗ್ರಿ ಮತ್ತು ಒಂದು ಚಟ. ಚಟವೆಂದರೆ ಅನುಮಾನ. ನಾನು ಹುಟ್ಟಿದ ದಿನ ಭಾರಿ ಮಳೆ ಬಂದಿತ್ತು ಎಂದು ಅಮ್ಮ ಹೇಳಿದರೆ "ಎಷ್ಟು ಮಿಲಿಮೀಟರು?" ಎಂದು ಕೇಳಿದವನು. ಮದುವೆಮನೆಯಲ್ಲಿ ಯಾರಾದರೂ ಬಿಸಿನೀರಿಗೆ ಜೇನುತುಪ್ಪ ಹಾಕಿ ಕುಡಿದು ಎಂಟು ಕೇಜಿ ಇಳಿಸಿದೆ ಎಂದರೆ, ನಾನು ಪಕ್ಕದ ಕುರ್ಚಿಗೆ ಸರಿದು ತೂಕದ ಯಂತ್ರ ಯಾವುದು ಎಂದು ವಿಚಾರಿಸುತ್ತೇನೆ. ಈ ಕಾರಣಕ್ಕೆ ನನ್ನನ್ನು ಮದುವೆಗಳಿಗೆ ಕರೆಯುವುದು ಕಡಿಮೆ. ಇಷ್ಟು ಅನುಮಾನಿಸುವ ಮನುಷ್ಯ ತನ್ನನ್ನು ಮಾತ್ರ ಅನುಮಾನಿಸುವುದಿಲ್ಲ ಎಂದು ನನ್ನ ಹೆಂಡತಿ ಶುಭಾ ಮದುವೆಯಾದ ಮೊದಲ ತಿಂಗಳಲ್ಲೇ ಕಂಡುಹಿಡಿದಿದ್ದಳು. ನನಗೆ ಹೇಳಿದ್ದು ತುಂಬ ತಡವಾಗಿ.

ನಮ್ಮದು ಸಾಲುಮನೆಗಳ ಕೊನೆಯ ಮನೆ. ಮಹಡಿಯ ಸಣ್ಣ ಕೋಣೆಯ ಒಂದು ಗೋಡೆ ಪಡುವಣಕ್ಕೆ ಬಯಲಾಗಿ ನಿಂತಿದೆ. ಮಧ್ಯಾಹ್ನ ಎರಡರಿಂದ ಸಂಜೆ ಮಸೀದಿಯ ಬಾಂಗ್ ಕೇಳುವವರೆಗೆ ಬಿಸಿಲು ಅದಕ್ಕೇ ಮೀಸಲು. ಸಂಜೆ ಅಂಗೈ ಇಟ್ಟರೆ ದೋಸೆಯ ಕಾವಲಿಯ ಹಾಗೆ ಸುಡುತ್ತಿತ್ತು. ಆ ಕೋಣೆಯಲ್ಲಿ ಹಳೆ ಸೂಟ್‌ಕೇಸುಗಳು ಮಾತ್ರ ಇದ್ದವು. ಅವು ದೂರು ಹೇಳುತ್ತಿರಲಿಲ್ಲ. ಮಗಳು ದಿಯಾಗೆ ಹನ್ನೆರಡು ತುಂಬಿದ ಮೇಲೆ ಅದು ಅವಳ ಕೋಣೆ ಎಂದು ನಾನು ಎಂದೋ ಮಾತು ಕೊಟ್ಟಿದ್ದೆನಂತೆ. ನನಗೆ ನೆನಪಿಲ್ಲ. ಅವಳಿಗೆ ತಾರೀಖು ಸಮೇತ ನೆನಪಿತ್ತು.

"ಯು ಪ್ರಾಮಿಸ್ಡ್, ಅಪ್ಪಾ."

ಏಸಿ ಹಾಕಿಸಿದೆ. ಅದು ಪಾಪ ಇಪ್ಪತ್ತೆರಡು ಡಿಗ್ರಿಗೆ ಇಳಿಸಲು ಏದುಸಿರು ಬಿಡುತ್ತಿತ್ತು. ಗೋಡೆ ಒಲೆಯ ಹಾಗೆ ಕಾವು ಕೊಡುತ್ತಲೇ ಇತ್ತು. ಹಾಗಾಗಿ ಗೋಡೆಗೆ ಶಾಖ ತಡೆಯುವ ಹೊದಿಕೆ ಹಾಕುವುದು ಎಂದು ತೀರ್ಮಾನಿಸಿದೆ. ಇಲ್ಲಿಯವರೆಗೂ ನಾನು ಸರಿ. ಇಲ್ಲಿಯೇ ನಿಲ್ಲಿಸಿದ್ದರೆ ಈ ಬರಹವೂ ಇರುತ್ತಿರಲಿಲ್ಲ.

ಯಾವುದನ್ನೂ ಮೂಲದಲ್ಲೇ ಪರಿಶೀಲಿಸಬೇಕು ಎಂಬ ನನ್ನ ನಿಯಮದಂತೆ ನಾನು ಮೂಲಕ್ಕೆ ಹೋದೆ. ಮೂಲವೆಂದರೆ ಯೂಟ್ಯೂಬ್. ಅಲ್ಲಿ ಕೆನಡಾದ ಒಬ್ಬ ಗಡ್ಡದ ಮನುಷ್ಯ ತನ್ನ ಮನೆಯ ಗೋಡೆಗೆ ಮರದ ಪಟ್ಟಿ ಹೊಡೆದು, ಪಟ್ಟಿಗಳ ನಡುವಿನ ಖಾನೆಗಳಿಗೆ ಹಳದಿ ಹತ್ತಿಯಂಥ ಗಾಜಿನ ನಾರು ತುಂಬಿ, ಅದರ ಮೇಲೆ ಒಳಗಡೆಯಿಂದ ಪ್ಲಾಸ್ಟಿಕ್ ಹಾಳೆ ಎಳೆದು, ಸ್ಟೇಪಲ್ ಹೊಡೆದು, ಜೋಡಣೆಗಳಿಗೆಲ್ಲ ಟೇಪು ಅಂಟಿಸಿದ. ಎಷ್ಟು ಪ್ರೀತಿಯಿಂದ ಎಂದರೆ, ಮಗುವಿಗೆ ಸ್ನಾನ ಮಾಡಿಸಿ ಟವೆಲ್ ಸುತ್ತಿದ ಹಾಗೆ. ಪ್ಲಾಸ್ಟಿಕ್ ಹಾಕದಿದ್ದರೆ ಮನೆಯೊಳಗಿನ ಹಸಿ ಗಾಳಿ ಗೋಡೆಗೆ ನುಗ್ಗಿ, ತಣ್ಣಗಾಗಿ, ನೀರಾಗಿ, ಬೂಷ್ಟು ಹಿಡಿಯುತ್ತದೆ ಎಂದು ವಿವರಿಸಿದ. ಅವನು ದಪ್ಪ ಜಾಕೆಟ್ ಹಾಕಿದ್ದ. ಹಿಂದಿನ ಕಿಟಕಿಯಲ್ಲಿ ಹಿಮ ಬೀಳುತ್ತಿತ್ತು. ಆ ಹಿಮವನ್ನು ನಾನು ನೋಡಿದೆ. ನೋಡಿದ್ದು ಚೆನ್ನಾಗಿ ನೆನಪಿದೆ. ಎಷ್ಟು ಚೆಂದ ಎಂದುಕೊಂಡೆ.

ಹಾರ್ಡ್‌ವೇರ್ ಅಂಗಡಿಯ ಮುದುಕ ಚೀನೀ ಅಂಕಲ್ ಪ್ಲಾಸ್ಟಿಕ್ ಸುರುಳಿ ಹೊರತೆಗೆಯುತ್ತ, "ಪೇಂಟಿಂಗಾ? ನೆಲಕ್ಕೆ ಹಾಸೋಕಾ?" ಎಂದು ಇಂಗ್ಲಿಷಿನಲ್ಲಿ ಕೇಳಿದ.

"ಗೋಡೆಯ ಒಳಗೆ ಹಾಕೋಕೆ."

ಆತ ಕನ್ನಡಕ ಮೂಗಿಗೆ ಇಳಿಸಿ ನನ್ನನ್ನು ನೋಡಿದ. "ಐಯ್ಯಾ! ಗೋಡೆಗೂ ರೈನ್‌ಕೋಟಾ, ಬಾಸ್?"

ನಾನು ನಕ್ಕೆ. ಮೂವತ್ತು ವರ್ಷ ಅಂಗಡಿ ನಡೆಸಿದವನಿಗೆ ಹೊಸ ತಂತ್ರಜ್ಞಾನ ಗೊತ್ತಿಲ್ಲವಲ್ಲ ಎಂಬ ಕನಿಕರದ ನಗು ಅದು. ಅಂಥ ನಗು ನನಗೆ ಚೆನ್ನಾಗಿ ಬರುತ್ತದೆ.

ಪ್ಲಾಸ್ಟಿಕ್ಕಿನ ಬಗ್ಗೆ ನಮ್ಮ ಮನೆತನಕ್ಕೆ ಇರುವ ಭಕ್ತಿಯನ್ನು ಇಲ್ಲಿ ಹೇಳದಿದ್ದರೆ ಆ ಕೆನಡಾದವನಿಗೆ ಅನ್ಯಾಯವಾದೀತು; ತಪ್ಪೆಲ್ಲ ಅವನದಲ್ಲ. ದಾವಣಗೆರೆಯ ನಮ್ಮ ಬಾಡಿಗೆ ಮನೆಯಲ್ಲಿ ಹೊಸದಾಗಿ ಬಂದ ಯಾವ ವಸ್ತುವೂ ತನ್ನ ಪ್ಲಾಸ್ಟಿಕ್ ಕಳಚಿದ್ದನ್ನು ನಾನು ಕಂಡಿಲ್ಲ. ಟೀವಿಯ ರಿಮೋಟು ಕೊನೆಯವರೆಗೂ ತನ್ನ ಕವರಿನಲ್ಲೇ ಬದುಕಿತು. ಅದರ ಗುಂಡಿಗಳ ಮೇಲಿನ ಅಂಕಿಗಳು ಹೊಸದರ ಹಾಗೆ ಹೊಳೆಯುತ್ತಿದ್ದವು, ಆದರೆ ಕವರು ಮಸುಕಾಗಿದ್ದರಿಂದ ಯಾರಿಗೂ ಕಾಣುತ್ತಿರಲಿಲ್ಲ. ಸೋಫಾದ ಮೇಲೆ ಕೂತರೆ ಬೇಸಿಗೆಯಲ್ಲಿ ತೊಡೆಯ ಹಿಂಭಾಗ ಅಂಟಿಕೊಂಡು, ಏಳುವಾಗ ಹಪ್ಪಳ ಕಿತ್ತ ಸದ್ದಾಗುತ್ತಿತ್ತು. ಮನೆಗೆ ಬಂದ ನೆಂಟರು ಆ ಸದ್ದಿಗೆ ನಾಚಿ ಬೇಗ ಏಳುತ್ತಿರಲಿಲ್ಲ; ಅಮ್ಮ ಎರಡನೇ ಸಲ ಕಾಫಿ ಮಾಡಬೇಕಾಗುತ್ತಿತ್ತು. ಶಾಲೆ ಶುರುವಾಗುವ ವಾರ ಅಪ್ಪ ನಮ್ಮ ಪುಸ್ತಕಗಳಿಗೆ ಕಂದು ಕಾಗದದ ರಟ್ಟು ಹಾಕಿ, ಅದರ ಮೇಲೆ ಪ್ಲಾಸ್ಟಿಕ್ ಹಾಕಿ, "ಇನ್ನು ಏನೂ ಆಗಲ್ಲ" ಎನ್ನುತ್ತಿದ್ದರು. ಒಳಗಿನ ಪಾಠಗಳಿಗೂ ಏನೂ ಆಗುತ್ತಿರಲಿಲ್ಲ.

ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಬಂದ ದಿನವಂತೂ ಅಪ್ಪ ಅದನ್ನು ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಗೆ ಒಯ್ದು ಎರಡೂ ಕಡೆ ದಪ್ಪಗೆ ಲ್ಯಾಮಿನೇಷನ್ ಮಾಡಿಸಿಕೊಂಡು ಬಂದರು. ಮುಂದೆ ಕಾಲೇಜಿನ ಗುಮಾಸ್ತರು ಅದನ್ನು ಬೆಳಕಿಗೆ ಹಿಡಿದು, ಬೆರಳಿನಲ್ಲಿ ಸವರಿ, "ಉಬ್ಬು ಮುದ್ರೆ ಕೈಗೆ ಸಿಗ್ತಿಲ್ಲ. ಇದು ಅಸಲೋ ನಕಲೋ ನಾನು ಹೇಗೆ ಹೇಳಲಿ?" ಎಂದು ವಾಪಸು ತಳ್ಳಿದರು. ಅಪ್ಪ ಆಗ ಏನೆಂದರು? "ಹಾಳಾಗಬಾರದು ಅಂತ ಮಾಡ್ಸಿದ್ದು ಸಾರ್" ಎಂದು ಮೆಲ್ಲಗೆ ಹೇಳಿದರು ಎಂದು ನನ್ನ ನೆನಪು. ಆದರೆ ನನ್ನ ಅಣ್ಣನ ಪ್ರಕಾರ ಆ ಅಂಕಪಟ್ಟಿ ಅವನದು, ಸಾಲಿನಲ್ಲಿ ಅಪ್ಪನ ಪಕ್ಕ ನಿಂತವನು ಅವನು, ನಾನು ಮನೆಯಲ್ಲಿ ಜ್ವರದಲ್ಲಿ ಮಲಗಿದ್ದೆ. ಇರಬಹುದು. ಆದರೂ ಆ ಗುಮಾಸ್ತರ ಹೆಬ್ಬೆರಳಿನ ಉಗುರಿನ ಮೇಲಿನ ಶಾಯಿಯ ಕಲೆ ನನಗೆ ಕಾಣುತ್ತದೆ. ನೋಡದೇ ಇದ್ದದ್ದನ್ನು ಇಷ್ಟು ವಿವರವಾಗಿ ನೆನಪಿಟ್ಟುಕೊಳ್ಳುವ ನನ್ನ ಶಕ್ತಿಗೆ ನಾನು ಆಗಲೇ ಹೆದರಬೇಕಿತ್ತು.

ಕೆಲಸ ಶುರುವಾಯಿತು. ಗುಣಾ ಅಣ್ಣ ಇಟ್ಟಿಗೆಯ ಗೋಡೆಗೆ ಮರದ ಪಟ್ಟಿಗಳನ್ನು ನಿಲ್ಲಿಸಿ ಆರು ಖಾನೆ ಮಾಡಿದರು. ನಾರು ತುಂಬಿದರು. ನಾನು ಪ್ಲಾಸ್ಟಿಕ್ ಸುರುಳಿ ಹೊತ್ತುಕೊಂಡು ಮಹಡಿ ಹತ್ತಿದೆ. ಮುಂದಿನದು ನನ್ನ ನೆನಪಿನಲ್ಲಿ ಹೀಗಿದೆ: ಗುಣಾ ಅಣ್ಣ ನೀಲಿ ಅಂಗಿ ಹಾಕಿಕೊಂಡು ಏಣಿಯ ಮೇಲೆ ಕೂತಿದ್ದಾರೆ. ನಾನು ಅವರನ್ನು ಕೇಳುತ್ತೇನೆ. ಅವರು ತಲೆಯಾಡಿಸಿ "ಒಳಗೆ ಹಾಕಿದ್ರೆ ಒಳ್ಳೇದು ಸಾರ್, ಬೋಲೇ ಬೋಲೇ" ಎನ್ನುತ್ತಾರೆ. ಬೋಲೇ ಎಂದರೆ ಇಲ್ಲಿನ ಮಾತಿನಲ್ಲಿ ಆಗುತ್ತೆ, ಮಾಡಬಹುದು ಎಂದರ್ಥ. ನಾನು ಒಪ್ಪುತ್ತೇನೆ. ಒಬ್ಬ ನುರಿತ ಕೆಲಸಗಾರನ ಸಲಹೆಗೆ ಓದಿದವನೊಬ್ಬ ವಿನಯದಿಂದ ತಲೆಬಾಗಿದ ಸುಂದರ ದೃಶ್ಯ.

ಶುಭಾ ಬಾಗಿಲಲ್ಲಿ ನಿಂತು ನೋಡಿ, "ಬಿಸಿ ಚಪಾತಿ ಡಬ್ಬಿಗೆ ಹಾಕಿ ಬಿಗಿಯಾಗಿ ಮುಚ್ಚಿದ್ರೆ ನೀರು ಬಿಡಲ್ವೇನ್ರೀ?" ಎಂದಳು. ಇದು ಮಾತ್ರ ಇಬ್ಬರಿಗೂ ಒಂದೇ ರೀತಿ ನೆನಪಿದೆ.

"ಅದು ಚಪಾತಿ ಕಣೇ, ಇದು ಗೋಡೆ."

"ಸರಿ ಬಿಡಿ. ನೀವು ಓದಿದವರು."

ಐದು ಖಾನೆಗಳಿಗೆ ನಾವಿಬ್ಬರೂ ಸೇರಿ ಪ್ಲಾಸ್ಟಿಕ್ ಹೊಡೆದೆವು. ಸ್ವಿಚ್ಚಿನ ಪೆಟ್ಟಿಗೆಯ ಸುತ್ತ ಒಂದು ಸೂಜಿಯಷ್ಟು ಸಂದಿ ಬಿಡದೆ ಟೇಪು ಅಂಟಿಸಿದ್ದು ನಾನೇ. ಕೊನೆಯ ಖಾನೆಯ ಹೊತ್ತಿಗೆ ಊಟದ ಸಮಯವಾಗಿತ್ತು. ಎಲ್ಲರಿಗೂ ಊಟ ತಪಾವ್ ಮಾಡಿಕೊಂಡು ಬರುತ್ತೇನೆಂದು ನಾನು ಹೊರಟೆ. ಪೊಟ್ಟಣ ಕಟ್ಟಿಸಿಕೊಂಡು ಬರುವಷ್ಟರಲ್ಲಿ ಮಳೆ ಹಿಡಿದು ಒಂದು ಗಂಟೆ ತಡವಾಯಿತು. ಬಂದು ನೋಡಿದರೆ ಗುಣಾ ಅಣ್ಣ ಗೋಡೆಯ ಉದ್ದಕ್ಕೂ ಜಿಪ್ಸಮ್ ಬೋರ್ಡು ಕೂಡಿಸಿ ಸ್ಕ್ರೂ ಬಿಗಿದು ಮುಗಿಸಿದ್ದರು.

ಕೋಣೆ ತಣ್ಣಗಾಯಿತು. ನಿಜಕ್ಕೂ ಆಯಿತು. ದಿಯಾ ತನ್ನ ಮಂಚ, ತನ್ನ ಮೇಜು, ಬಾಗಿಲಿಗೆ "ನಾಕ್ ಫಸ್ಟ್" ಎಂಬ ಚೀಟಿ ಎಲ್ಲವನ್ನೂ ಸ್ಥಾಪಿಸಿದಳು. ನಾನು ಬಂದವರಿಗೆಲ್ಲ ಆ ಗೋಡೆಯನ್ನು ಮುಟ್ಟಿಸಿದೆ. ಕಾಫಿಗೆಂದು ಬಂದವರು ಮೊದಲು ಮಹಡಿ ಹತ್ತಿ ಗೋಡೆ ಮುಟ್ಟಿ ಬರಬೇಕಾಗಿತ್ತು. ಐಡಿಯಾ ಯಾರದು ಎಂದು ಕೇಳಿದರೆ ಆಗೆಲ್ಲ ನಾನು "ನನ್ನದೇ" ಎನ್ನುತ್ತಿದ್ದೆನಂತೆ. ಇದನ್ನು ಶುಭಾ ಆಮೇಲೆ ನೆನಪಿಸಿದಳು. ಯಾವ ಹೊತ್ತಿನಲ್ಲಿ ಏನನ್ನು ನೆನಪಿಸಬೇಕು ಎಂಬುದು ಅವಳಿಗೆ ಕರಗತ.

ನಾಲ್ಕೈದು ತಿಂಗಳಿಗೆ ದಿಯಾಗೆ ಕೆಮ್ಮು ಶುರುವಾಯಿತು. ಶಾಲೆಯಲ್ಲಿ ಇಲ್ಲ, ಅಜ್ಜಿಯ ಊರಿಗೆ ಹೋದ ಮೂರು ವಾರ ಇಲ್ಲ, ಕೋಣೆಯಲ್ಲಿ ಮಲಗಿ ಎದ್ದ ಬೆಳಿಗ್ಗೆ ಮಾತ್ರ. ಉಸಿರು ಎಳೆದರೆ ಬಾಗಿಲ ಸಂದಿಯಲ್ಲಿ ಗಾಳಿ ನುಗ್ಗಿದಂಥ ಸಣ್ಣ ಸಿಳ್ಳೆ. ಕ್ಲಿನಿಕ್ಕಿನ ಡಾಕ್ಟರು ಎದೆಗೆ ಸ್ಟೆತೊಸ್ಕೋಪ್ ಇಟ್ಟು, "ಮಲಗುವ ಕೋಣೆಯಲ್ಲಿ ತೇವ ಇದೆಯಾ?" ಎಂದು ಕೇಳಿದರು.

"ಸಾಧ್ಯವೇ ಇಲ್ಲ ಡಾಕ್ಟರ್, ಪೂರ್ತಿ ಸೀಲ್ ಮಾಡಿದೆ" ಎಂದೆ, ಹೆಮ್ಮೆಯಿಂದ.

ದಿಯಾ ಇನ್‌ಹೇಲರ್ ಹಿಡಿದು ಮತ್ತೆ ನಮ್ಮ ಕೋಣೆಗೆ ಬಂದು ಮಲಗಿದಳು. ಬಾಗಿಲಿನ ಚೀಟಿಯನ್ನು ತಾನೇ ಕಿತ್ತುಕೊಂಡು ಬಂದಳು. ಬೈದಿದ್ದರೆ ಚೆನ್ನಾಗಿತ್ತು.

ಅವಳು ಬಿಟ್ಟು ಬಂದ ಕೋಣೆಯಲ್ಲಿ ಒದ್ದೆ ಬಟ್ಟೆಯನ್ನು ಮರೆತಿಟ್ಟ ವಾಸನೆ ಬರತೊಡಗಿತ್ತು. ಒಂದು ಭಾನುವಾರ ಮಂಚ ಎಳೆದು, ಸ್ಕ್ರೂ ಬಿಚ್ಚಿ, ಬೋರ್ಡು ತೆಗೆದೆ. ಪ್ಲಾಸ್ಟಿಕ್ಕಿನ ಆಚೆ ಬದಿಯಲ್ಲಿ, ನಾರಿಗೆ ತಾಗಿದ ಕಡೆ, ಬೆವರು ಹನಿಹನಿಯಾಗಿ ಕೂತಿತ್ತು. ಬೆರಳಲ್ಲಿ ತಟ್ಟಿದರೆ ಸಾಲಾಗಿ ಜಾರಿ ಕೆಳಗೆ ಇಳಿಯಿತು. ನಾರು ನೆನೆದು ಜೋತುಬಿದ್ದಿತ್ತು, ಮರದ ಪಟ್ಟಿಗಳ ಮೇಲೆ ಕಪ್ಪು ಚುಕ್ಕೆಗಳು ಒತ್ತಾಗಿ ಹಬ್ಬಿದ್ದವು. ಮಗಳು ತಿಂಗಳುಗಟ್ಟಲೆ ಉಸಿರಾಡಿದ್ದು ಇದನ್ನು. ಇಂಥ ಹೊತ್ತಿನಲ್ಲಿ ಮನುಷ್ಯನಿಗೆ ಆಸರೆ ಬೇಕು. ನನ್ನಂಥವನಿಗೆ ಆಸರೆ ಎಂದರೆ ಇನ್ನೊಬ್ಬನ ತಪ್ಪು.

ಅದು ಸಿಕ್ಕಿಯೂ ಸಿಕ್ಕಿತು. ಆರನೆಯ ಖಾನೆಯ ಬೋರ್ಡು ತೆಗೆದರೆ ಅಲ್ಲಿ ಪ್ಲಾಸ್ಟಿಕ್ಕೇ ಇಲ್ಲ! ನಾನು ಊಟ ತರಲು ಹೋದ ಹೊತ್ತಿನಲ್ಲಿ ಗುಣಾ ಅಣ್ಣ ಒಂದು ಇಡೀ ಖಾನೆ ಬಿಟ್ಟು ಬೋರ್ಡು ಮುಚ್ಚಿಬಿಟ್ಟಿದ್ದಾರೆ. ಗೊತ್ತಾಯಿತಲ್ಲ, ತೇವ ನುಗ್ಗಿದ್ದು ಇಲ್ಲಿಂದ! ಆರೂ ಖಾನೆಗಳ ಫೋಟೋ ತೆಗೆದು ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿಗೆ ಹಾಕಿದೆ. ಕೆಳಗೆ ಬರೆದೆ: "ಗುಣಾ ಅವರ ಕೆಲಸ. ಒಳಗೆ ಪ್ಲಾಸ್ಟಿಕ್ ಹಾಕಿ ಅಂತ ಸಲಹೆ ಕೊಟ್ಟದ್ದೂ ಅವರೇ, ಅರ್ಧಕ್ಕೆ ಬಿಟ್ಟದ್ದೂ ಅವರೇ. ಮಗಳಿಗೆ ಉಸಿರಾಟದ ತೊಂದರೆ. ದಯವಿಟ್ಟು ಎಚ್ಚರಿಕೆ."

ಕೈಮುಗಿದ ಚಿತ್ರ, ಅಳುವ ಮುಖದ ಚಿತ್ರ, "ಅಯ್ಯೋ ಪಾಪ ಮಗು", "ಥ್ಯಾಂಕ್ಸ್ ಫಾರ್ ಶೇರಿಂಗ್ ಸರ್". ಸಂಜೆಯೊಳಗೆ ಒಬ್ಬರು ಅಡುಗೆಮನೆಯ ಕೆಲಸಕ್ಕೆ ಗುಣಾ ಅಣ್ಣ ಬರುವುದು ಬೇಡವೆಂದು ಹೇಳಿದರು. ವಾರದೊಳಗೆ ಇನ್ನಿಬ್ಬರು. ಗುಣಾ ಅಣ್ಣ ಒಮ್ಮೆ ಫೋನ್ ಮಾಡಿದರು. ನಾನು ಎತ್ತಲಿಲ್ಲ. ಎರಡನೇ ಸಲ ಅವರು ಮಾಡಲಿಲ್ಲ.

ಆ ವಾರದ ಕೊನೆಗೆ ನಾಸಿರ್ ಸಾಹೇಬರು ಬಂದರು. ವಿಜಾಪುರದವರು, ಸಿವಿಲ್ ಇಂಜಿನಿಯರು, ಎರಡು ಬೀದಿ ಆಚೆ ಮನೆ. ಗುಂಪಿನಲ್ಲಿ ಫೋಟೋ ನೋಡಿ ಕಾಲೆಳೆಯುವುದಕ್ಕೆಂದೇ ಬಂದವರು. ಮಹಡಿ ಹತ್ತಿ ಗೋಡೆಯ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತರು.

"ಏನ್ರೀ ಮಾಸ್ತರ, ಕೆನಡಾದ ಗ್ವಾಡಿ ತಂದು ಸುಬಾಂಗದಾಗ ನಿಲ್ಸೀರಲ್ಲ!"

"ಪ್ಲಾಸ್ಟಿಕ್ ಒಂದು ಖಾನೆಗೆ ಹಾಕೇ ಇಲ್ಲ ಸಾಹೇಬ್ರೇ. ಅಲ್ಲಿಂದ ತೇವ ನುಗ್ಗಿದೆ."

ಅವರು ಕೆಳಗಿಳಿದು ಬಂದು ಕೂತು, ಶುಭಾ ಕೊಟ್ಟ ತಣ್ಣನೆಯ ನೀರಿನ ಲೋಟವನ್ನು ಮೇಜಿನ ಮೇಲೆ ನನ್ನ ಎದುರಿಗೆ ತಳ್ಳಿದರು. ಲೋಟದ ಹೊರಮೈಯಲ್ಲಿ ಹನಿಗಳು ಮೂಡಿದ್ದವು.

"ಈ ನೀರು ಎಲ್ಲಿಂದ ಬಂತ್ರೀ?"

ಈ ಪ್ರಶ್ನೆಯನ್ನು ಇದೇ ದನಿಯಲ್ಲಿ, ಇಂಥದೇ ಲೋಟ ಹಿಡಿದು, ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳಿಗೆ ಕೇಳುವವನು ನಾನು. ಉತ್ತರ ನನ್ನ ಬಾಯಿಗೆ ತಾನಾಗಿ ಬಂತು. ಹೊರಗಿನ ಹಸಿ ಗಾಳಿ, ತಣ್ಣನೆಯ ಮೈಗೆ ತಾಗಿ... ಅರ್ಧಕ್ಕೆ ನಿಲ್ಲಿಸಿದೆ.

"ಹೇಳ್ರಿ, ಹೇಳ್ರಿ. ಕೆನಡಾದಾಗ ಬೆಚ್ಚಗ ಇರೂದು ಮನಿ ಒಳಗ. ಅದಕ್ಕ ಪ್ಲಾಸ್ಟಿಕ್ ಒಳಗ. ಇಲ್ಲಿ ಬೆಚ್ಚಗ, ಹಸಿ, ಎಲ್ಲಾ ಹೊರಗ. ನೀವು ಏಸಿ ಹಾಕಿ ಒಳಗ ಐಸ್ ಮಾಡೀರಿ. ಹೊರಗಿನ ತೇವ ಇಟ್ಟಂಗಿ ದಾಟಿ ಬಂದು ನಿಮ್ಮ ತಣ್ಣನ ಪ್ಲಾಸ್ಟಿಕ್ಕಿಗೆ ಬಡದು ಅಲ್ಲೇ ನೀರಾಗೇತಿ. ಒಳಗ ಬಂದು ಆರೂಣಂದ್ರ ನೀವು ಟೇಪ್ ಬ್ಯಾರೆ ಹಚ್ಚೀರಿ." ಆಮೇಲೆ ತಮ್ಮ ಮೊಬೈಲಿನಲ್ಲಿ ನನ್ನದೇ ಫೋಟೋ ತೆರೆದು ಎರಡು ಬೆರಳಿನಲ್ಲಿ ಹಿಗ್ಗಿಸಿದರು. "ಇದನ್ನ ನೋಡೀರೇನು? ಪ್ಲಾಸ್ಟಿಕ್ ಇಲ್ಲದ ಖಾನಿ. ಒಂದು ಕರೀ ಚುಕ್ಕಿ ತೋರಸ್ರಿ ನೋಡೋಣ."

ಇರಲಿಲ್ಲ. ನಾರು ಅಂಗಡಿಯಿಂದ ತಂದ ದಿನದ ಹಾಗೆ ಹಳದಿಯಾಗಿ, ಒಣಗಿ, ಉಬ್ಬಿಕೊಂಡು ಇತ್ತು. ನಾನೇ ತೆಗೆದ ಫೋಟೋ. ನಾನೇ ನಲವತ್ತು ಮನೆಗೆ ಹಂಚಿದ ಫೋಟೋ. ಅದರಲ್ಲಿ ಇಲ್ಲದ ಪ್ಲಾಸ್ಟಿಕ್ ನನಗೆ ಕಂಡಿತ್ತು, ಇದ್ದ ಒಣ ನಾರು ಕಂಡಿರಲಿಲ್ಲ.

ಇಷ್ಟಾದರೂ ನನಗೆ ಒಂದು ಸಮಾಧಾನ ಉಳಿದಿತ್ತು: ಸಲಹೆ ಅವರದೇ ತಾನೇ? ಆ ದಿನವೇ ಊಟದ ಮೇಜಿನ ಬಳಿ ವಿಚಾರಣೆ ನಡೆಯಿತು. ನ್ಯಾಯಾಧೀಶನೂ ಆರೋಪಿಯೂ ನಾನೇ ಆಗಿದ್ದೆ.

"ನೀವೇ ಹೇಳಿದ್ದು" ಎಂದಳು ಶುಭಾ, ಸಾರು ಬಡಿಸುತ್ತ. "ಅವರು 'ವೇಂಡಾಂ ಸಾರ್, ವೇಂಡಾಂ' ಅಂತ ಮೂರು ಸಲ ಬೇಡ ಅಂದ್ರು. ನೀವು ಮೊಬೈಲ್ ತೋರ್ಸಿ ಪಾಠ ಮಾಡಿದ್ರಿ."

"ಇಲ್ಲ, ನನಗೆ ಸ್ಪಷ್ಟವಾಗಿ ನೆನಪಿದೆ. ಅವರು ಆ ನೀಲಿ ಅಂಗಿ ಹಾಕ್ಕೊಂಡು ಏಣಿ ಮೇಲೆ ಕೂತು..."

"ಯಾವ ನೀಲಿ ಅಂಗಿ?"

"ಜೇಬಿನ ಮೇಲೆ ಬಿಳಿ ಪಟ್ಟಿ ಇರೋದು."

"ಅದು ಈ ದೀಪಾವಳಿಗೆ ನಾನು ಅವರಿಗೆ ಕೊಟ್ಟದ್ದು. ಕೆಲಸ ನಡೆದದ್ದು ಅದಕ್ಕೆ ಎಷ್ಟು ಮುಂಚೆ?"

ನಾನು ಲೆಕ್ಕ ಹಾಕಿದೆ. ಐದು ತಿಂಗಳು ಮುಂಚೆ. ಇನ್ನೂ ಹೊಲಿದೇ ಇರದ ಅಂಗಿಯನ್ನು ತೊಡಿಸಿ, ಆಡದೇ ಇದ್ದ ಮಾತನ್ನು ಆಡಿಸಿ, ಒಬ್ಬ ಮನುಷ್ಯನನ್ನು ನಾನು ಏಣಿಯ ಮೇಲೆ ಕೂರಿಸಿದ್ದೆ. ಕೊನೆಯ ಆಸೆಯಿಂದ ಮಗಳ ಕಡೆ ತಿರುಗಿದೆ.

"ಯು ಬೋತ್ ವರ್ ಶೌಟಿಂಗ್ ಲಾ" ಎಂದಳು ದಿಯಾ, ಹಪ್ಪಳ ಮುರಿಯುತ್ತ. "ಐ ಡಿಡಂಟ್ ಲಿಸನ್." ಇನ್ನೊಂದು ಹಪ್ಪಳ ತೆಗೆದುಕೊಂಡು, "ನೀನು ಊಟ ತರಕ್ಕೆ ಹೋದಾಗ ಗುಣಾ ಅಂಕಲ್ ಕೇಳಿದ್ರು, ವೇರ್ ವಿಲ್ ಯುವರ್ ಹೆಡ್ ಬಿ ಅಂತ. ಐ ಶೋಡ್ ಹಿಮ್" ಎಂದಳು. ಅವಳು ಇಷ್ಟು ಉದ್ದ ಕನ್ನಡ ಆಡಿದ್ದೇ ಅಪರೂಪ.

ಆರನೆಯ ಖಾನೆ ಅವಳ ಮಂಚದ ತಲೆಯ ಕಡೆಗಿತ್ತು. ಇದನ್ನು ನಾನು ಆಗಲೇ ಗಮನಿಸಿದೆ ಎಂದು ಬರೆಯಲು ಆಸೆ. ಆದರೆ ಗಮನಿಸಿದ್ದು ಊಟ ಮುಗಿದು ಮಹಡಿ ಹತ್ತಿ, ಮಂಚದ ಕಾಲುಗಳು ನೆಲದ ಮೇಲೆ ಉಳಿಸಿದ ಗುರುತು ನೋಡಿದ ಮೇಲೆ.

ಗುಂಪಿಗೆ ತಿದ್ದುಪಡಿ ಬರೆದೆ. ತಪ್ಪು ನನ್ನದು, ಪ್ಲಾಸ್ಟಿಕ್ ಹಾಕಿಸಿದ್ದು ನಾನು, ಗುಣಾ ಅವರು ಬೇಡವೆಂದಿದ್ದರು ಎಂದೆ. ಮೊದಲ ಸುದ್ದಿಗೆ ಎಷ್ಟೊಂದು ಕೈಗಳು, ಮುಖಗಳು ಬಂದಿದ್ದವೋ. ಇದಕ್ಕೆ ಬಂದದ್ದು ನಾಸಿರ್ ಸಾಹೇಬರ ಒಂದು ಹೆಬ್ಬೆರಳು. ಅದರ ಕೆಳಗೆ ಯಾರೋ ಮಾವಿನಹಣ್ಣು ಎಲ್ಲಿ ಸಿಗುತ್ತದೆ ಎಂದು ಕೇಳಿದ್ದರು. ಗುಂಪಿನ ನಲವತ್ತು ಮನೆಗಳಿಗೆ ನಾನು ಒಂದೊಂದಾಗಿ ಫೋನ್ ಮಾಡಿದೆ. ಗುಣಾ ಅಣ್ಣನ ಕೆಲಸ ತಪ್ಪಿಸಿದ ಮೂವರ ಮನೆಗೆ ಖುದ್ದಾಗಿ ಹೋಗಿ ಕಾಫಿ ಕುಡಿದು ತಪ್ಪೊಪ್ಪಿಕೊಂಡೆ. ಅನುಮಾನ ಕಲಿಸಿದ ವಿಶ್ವವಿದ್ಯಾಲಯ ಕ್ಷಮೆ ಕೇಳುವುದನ್ನು ಪಠ್ಯದಲ್ಲಿ ಇಟ್ಟಿರಲಿಲ್ಲ. ಮೂರನೇ ಮನೆಯ ಹೊತ್ತಿಗೆ ಸ್ವಲ್ಪ ರೂಢಿಯಾಯಿತು. ಇಬ್ಬರು ಅವರನ್ನು ಮತ್ತೆ ಕರೆದರು. ಒಬ್ಬರು ಬೇರೆಯವರಿಂದ ಕೆಲಸ ಮಾಡಿಸಿಯಾಗಿತ್ತು.

ಆಮೇಲೆ ಗುಣಾ ಅಣ್ಣ. ಬೆಳಿಗ್ಗೆ ಅವರು ಕೂರುವ ಮಾಮಕ್ ಚಹಾದಂಗಡಿ ನನಗೆ ಗೊತ್ತಿತ್ತು. ರೊಟ್ಟಿ ಬಡಿಯುವ ಸದ್ದಿನ ನಡುವೆ ಮೂಲೆಯ ಮೇಜಿನಲ್ಲಿ ಚಹಾ ಆರಿಸಿಕೊಳ್ಳುತ್ತ ಕೂತಿದ್ದರು. ನನ್ನನ್ನು ಕಂಡು ಕಾಲಿನಿಂದ ಎದುರು ಕುರ್ಚಿ ಹಿಂದೆ ತಳ್ಳಿದರು. ಕೂತೆ. ಅವರದು ತಮಿಳು, ನನ್ನದು ತಮಿಳಿನ ಬಾಲ ಅಂಟಿಸಿದ ಕನ್ನಡ. ಹೀಗೇ ಇಷ್ಟು ವರ್ಷ ಮಾತಾಡಿದ್ದೇವೆ.

"ತಪ್ಪು ನನ್ನದು ಅಣ್ಣ. ಗುಂಪಲ್ಲಿ ಬರೆದೆ. ಮನೆಮನೆಗೂ ಹೇಳಿದೆ."

"ಗೊತ್ತಾಯ್ತು ಸಾರ್."

"ನೀವು ಬೇಡ ಅಂದಿದ್ರಿ ಅಲ್ವಾ?"

"ಮರಂದು ಪೋಚ್ಚು ಸಾರ್." ಮರೆತೇಹೋಯಿತು ಎಂದರು, ಚಹಾ ಊದುತ್ತ. "ಯಾರು ಹೇಳಿದ್ರೇನು. ಗೋಡೆ ನೆಂದುಹೋಯ್ತಲ್ಲ."

"ಆ ಕೊನೆಯ ಖಾನೆ, ದಿಯಾಳ ತಲೆ ಕಡೆ. ಅಲ್ಲಿ ಬೇಕಂತಲೇ ಪ್ಲಾಸ್ಟಿಕ್ ಹಾಕಲಿಲ್ಲ ತಾನೇ ನೀವು?"

ಅವರು ನನ್ನನ್ನು ಒಂದು ಗಳಿಗೆ ನೋಡಿದರು. ಆಮೇಲೆ ಬೀದಿಯ ಕಡೆ ತಿರುಗಿ, "ಇಲ್ಲ ಸಾರ್. ಪತ್ತಲ" ಎಂದರು. ಸಾಲಲಿಲ್ಲವಂತೆ. "ಸುರುಳಿ ಮುಗಿದುಹೋಯ್ತು. ನೀವೂ ಇರಲಿಲ್ಲ, ಮಳೆ ಬೇರೆ. ಮುಚ್ಚಿಬಿಟ್ಟೆ. ನನ್ನದೂ ತಪ್ಪೇ." ಇಷ್ಟು ಹೇಳಿ ನನಗೊಂದು ಚಹಾ ಹೇಳಿದರು. "ಪಾಪಾ ಹೇಗಿದೆ? ಉಸಿರು?"

"ಈಗ ಪರವಾಗಿಲ್ಲ."

"ನಾಳೆ ಬರ್ತೀನಿ. ಹೊರಗಿನ ಗೋಡೇಲಿ ಬಿರುಕಿದೆ, ಮೊದಲು ಅದು. ಆಮೇಲೆ ಒಳಗೆ. ಪ್ಲಾಸ್ಟಿಕ್ ಬೇಡ, ಸರಿಯಾ?"

"ಬೇಡ."

"ಮೊಬೈಲೂ ಬೇಡ."

ಅವರು ಬಂದರು. ಬಿರುಕು ಮುಚ್ಚಿ ಹೊರಗೆ ಬಣ್ಣ ಹೊಡೆದರು. ಹಳೆಯ ನಾರು, ಪಟ್ಟಿ ಎಲ್ಲ ಎಸೆದು ಹೊಸದು ಕೂಡಿಸಿದರು. ನನ್ನನ್ನು ಏಣಿ ಹಿಡಿಯಲು ಮಾತ್ರ ಬಿಟ್ಟರು. ಮುಂದಿನ ತಿಂಗಳು ದಿಯಾ ತನ್ನ ಚೀಟಿ ತೆಗೆದುಕೊಂಡು ಹೋಗಿ ಮತ್ತೆ ಬಾಗಿಲಿಗೆ ಅಂಟಿಸಿದಳು. ಈ ಬೆಳಿಗ್ಗೆಯೂ ನಾನು ಬಾಗಿಲು ತಟ್ಟದೆ ಒಳಗೆ ಹೋದದ್ದಕ್ಕೆ ಬೈಸಿಕೊಂಡೇ ಪಿನ್ನು ತುಳಿದದ್ದು.

ಕಾಲಿಗೆ ಔಷಧಿ ಹಚ್ಚಿಕೊಂಡ ಮೇಲೆ ಮೆಟ್ಟಿಲ ಕೆಳಗಿನ ಗೂಡಿಗೆ ಹೋದೆ. ಸುರುಳಿ ಮುಗಿದುಹೋಗಿತ್ತು ಎಂದು ಗುಣಾ ಅಣ್ಣ ಹೇಳಿದ್ದನ್ನು ನಾನು ಅಲ್ಲಿಯವರೆಗೆ ಪರೀಕ್ಷಿಸಿರಲಿಲ್ಲ. ಪರೀಕ್ಷಿಸದೆ ನಂಬಿದ ಒಂದು ಮಾತಾದರೂ ಇರಲಿ ಎಂದು ಬಿಟ್ಟಿದ್ದೆ. ಪೇಂಟಿನ ಡಬ್ಬಿಗಳ ಹಿಂದೆ, ಮುರಿದ ಫ್ಯಾನಿನ ಅಡಿಯಲ್ಲಿ, ಪ್ಲಾಸ್ಟಿಕ್ ಸುರುಳಿ ಇತ್ತು. ಹಾಲ್‌ನಲ್ಲಿ ಹಾಸಿ ಅಳತೆಯ ಟೇಪು ಹಿಡಿದು ಅಳೆದೆ. ಆ ಖಾನೆಗೆ ಬೇಕಾಗಿದ್ದದ್ದು ಎರಡಡಿ ಅಗಲ, ಒಂಬತ್ತಡಿ ಉದ್ದದ ಒಂದು ತುಂಡು. ಸುರುಳಿಯಲ್ಲಿ ಉಳಿದಿದ್ದದ್ದು ಹದಿನಾಲ್ಕು ಅಡಿ. ಎರಡು ಸಲ ಅಳೆದೆ, ಹದಿನಾಲ್ಕೇ.